"ಐಸೋಟೋಪ್ ಬಂದಿಲ್ಲ, ಸೋಮವಾರ ಬನ್ನಿ"

ಪ್ರಶ್ನೆ: ನಮ್ಮ ತಾಯಿಗೆ 62 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ಡಾಕ್ಟರು ಬೋನ್ ಸ್ಕ್ಯಾನ್ ಮಾಡಿಸಲು ಹೇಳಿದ್ದರು. ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಗೆ ಹೋದರೆ, "ಇವತ್ತು ಐಸೋಟೋಪ್ ಬಂದಿಲ್ಲ, ಸೋಮವಾರ ಬನ್ನಿ" ಎಂದು ಕಳಿಸಿಬಿಟ್ಟರು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಂದು ಔಷಧಿ ಸ್ಟಾಕ್ ಇಡೋಕೆ ಆಗಲ್ವಾ? ನಮ್ಮ ಕೈಗಾದಲ್ಲೇ ಅಣುಸ್ಥಾವರ ಇರುವಾಗ ಮುಂಬೈಯಿಂದ ಯಾಕೆ ತರಿಸಬೇಕು? ಇನ್ನೊಂದು ಭಯ. ಇಂಜೆಕ್ಷನ್ ಕೊಟ್ಟ ಮೇಲೆ ಅಮ್ಮನ ಮೈಯಲ್ಲಿ ವಿಕಿರಣ ಎಷ್ಟು ದಿನ ಇರುತ್ತದೆ? ಮನೆಯಲ್ಲಿ ನಾಲ್ಕು ತಿಂಗಳ ಮಗು ಇದೆ.
ಓದುಗರು, ಶಿವಮೊಗ್ಗ

ಉತ್ತರ: ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರನ್ನು ಬಾಗಿಲಲ್ಲೇ ವಾಪಸ್ ಕಳಿಸುವ ಕೆಲಸ ನಾನೂ ಮಾಡಿದ್ದೇನೆ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಕಳೆದ ಅಷ್ಟೂ ವರ್ಷಗಳಲ್ಲಿ ಅದಕ್ಕಿಂತ ಬೇಸರದ ಕೆಲಸ ಇನ್ನೊಂದಿರಲಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹಿಂದಿನ ದಿನ ಒಂದು ಫೋನ್ ಮಾಡಬಹುದಿತ್ತು. ಆದರೆ ಸ್ಟಾಕ್ ಇಡಬಹುದಿತ್ತಲ್ಲ ಎನ್ನುವುದು ಮಾತ್ರ ಆಗದ ಮಾತು. ಯಾಕೆ ಆಗದು ಎನ್ನುವುದು ಗೊತ್ತಾದರೆ ಮಗುವಿನ ಬಗ್ಗೆ ನೀವು ಕೇಳಿದ್ದಕ್ಕೂ ಅಲ್ಲೇ ಉತ್ತರ ಸಿಗುತ್ತದೆ.

ಬೋನ್ ಸ್ಕ್ಯಾನ್‌ಗೆ ಬಳಸುವುದು ಟೆಕ್ನೀಷಿಯಂ-99ಎಂ ಎಂಬ, ವಿಕಿರಣ ಸೂಸುವ ಐಸೋಟೋಪ್. ಇದರ ಅರ್ಧಾಯು 6 ಗಂಟೆ. ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಎಷ್ಟಿತ್ತೋ ಮಧ್ಯಾಹ್ನ ಮೂರಕ್ಕೆ ಅದರ ಅರ್ಧ, ರಾತ್ರಿ ಒಂಬತ್ತಕ್ಕೆ ಕಾಲು ಭಾಗ. ನಿಮ್ಮ ಬಸ್ಸು ಶಿವಮೊಗ್ಗ ಬಿಟ್ಟು ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಅರ್ಧ ಖಾಲಿ.

ಚೌಕಾಬಾರ ಆಡಿದ್ದೀರಿ ತಾನೆ? ಸಾವಿರ ಕವಡೆಗಳನ್ನು ಒಟ್ಟಿಗೆ ನೆಲಕ್ಕೆ ಚೆಲ್ಲಿದಿರಿ ಎಂದಿಟ್ಟುಕೊಳ್ಳಿ. ಬಾಯಿ ಮೇಲಾಗಿ ಬಿದ್ದವನ್ನೆಲ್ಲ ಆರಿಸಿ ತೆಗೆದುಬಿಡಿ. ಲೆಕ್ಕಕ್ಕೆ ಅರ್ಧ ಹೋಯಿತು ಎನ್ನೋಣ, ಐನೂರು ಉಳಿದವು. ಉಳಿದವನ್ನು ಮತ್ತೆ ಚೆಲ್ಲಿ. ಇನ್ನೂರೈವತ್ತು. ಮತ್ತೆ ಚೆಲ್ಲಿ, ನೂರಿಪ್ಪತ್ತೈದರ ಆಸುಪಾಸು. ಯಾವ ಕವಡೆ ಯಾವಾಗ ಹೋಗುತ್ತದೆ ಎಂದು ಯಾರೂ ಹೇಳಲಾರರು. ಆದರೆ ಒಟ್ಟಿನಲ್ಲಿ ಎಷ್ಟು ಹೋಗುತ್ತವೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಮೂರು ಸಲ ಬಚಾವಾದ ಕವಡೆಗೆ "ಈ ಸಲ ನನ್ನ ಸರದಿ" ಎಂಬ ನೆನಪೂ ಇಲ್ಲ. ವಿಕಿರಣ ಕ್ಷಯ ಅಂದರೆ ಇಷ್ಟೇ. ಟೆಕ್ನೀಷಿಯಂನ ನ್ಯೂಕ್ಲಿಯಸ್‌ಗೆ ವಯಸ್ಸಾಗುವುದಿಲ್ಲ. ಇದ್ದಷ್ಟು ಹೊತ್ತೂ ಹೊಸದೇ, ಹೋದಾಗ ತಟ್ಟನೆ ಹೋಗುತ್ತದೆ.

ಬೇರೆ ಔಷಧಿಯಾದರೆ ಫ್ರಿಜ್‌ನಲ್ಲಿಟ್ಟು ನಾಲ್ಕು ದಿನ ಜಾಸ್ತಿ ಬಾಳಿಸಬಹುದು. ಇದನ್ನು ಫ್ರಿಜ್‌ನಲ್ಲಿಟ್ಟರೂ ಒಂದೇ, ಒಲೆಯ ಮೇಲಿಟ್ಟರೂ ಒಂದೇ. ಬಿಸಿ, ತಂಪು, ಆಮ್ಲ, ಕ್ಷಾರ ಎಲ್ಲ ಪರಮಾಣುವಿನ ಹೊರಗಿನ ಎಲೆಕ್ಟ್ರಾನ್‌ಗಳ ಮಟ್ಟದಲ್ಲೇ ನಿಂತುಬಿಡುತ್ತವೆ. ಒಳಗಿನ ನ್ಯೂಕ್ಲಿಯಸ್‌ಗೆ ಹೊರಗೆ ಮಳೆಯೋ ಬಿಸಿಲೋ ಗೊತ್ತೇ ಆಗುವುದಿಲ್ಲ.

ಹಾಗಾದರೆ ಆಸ್ಪತ್ರೆಯವರು ದಿನಾ ಬೆಳಿಗ್ಗೆ ಎಲ್ಲಿಂದ ತರುತ್ತಾರೆ? ಇಲ್ಲಿ ಒಂದು ಜಾಣ ಉಪಾಯ ಇದೆ. ಟೆಕ್ನೀಷಿಯಂ ತರಿಸುವುದಿಲ್ಲ, ಅದರ ತಾಯಿಯನ್ನು ತರಿಸುತ್ತಾರೆ. ತಾಯಿಯ ಹೆಸರು ಮಾಲಿಬ್ಡಿನಮ್-99. ಅದರ ಅರ್ಧಾಯು 66 ಗಂಟೆ, ಅಂದರೆ ಹತ್ತಿರ ಹತ್ತಿರ ಮೂರು ದಿನ. ಮಾಲಿಬ್ಡಿನಮ್ ಕ್ಷಯಿಸುತ್ತಾ ಹೋದಂತೆ ಟೆಕ್ನೀಷಿಯಂ ಹುಟ್ಟುತ್ತಾ ಹೋಗುತ್ತದೆ. ಇವೆರಡನ್ನೂ ಒಂದು ಸೀಸದ ಡಬ್ಬಿಯಲ್ಲಿಟ್ಟು ಕಳಿಸುತ್ತಾರೆ. ಅದಕ್ಕೆ ಜನರೇಟರ್ ಎಂದು ಹೆಸರು. ನಮ್ಮ ವಿಭಾಗಗಳಲ್ಲಿ ಅದನ್ನು "ಹಸು" ಎನ್ನುವುದೂ ಉಂಟು, ಟೆಕ್ನೀಷಿಯಂ ತೆಗೆಯುವುದಕ್ಕೆ "ಹಾಲು ಕರೆಯೋದು" ಎನ್ನುವುದೂ ಉಂಟು. ತಮಾಷೆಗೆ ಅಂತಲ್ಲ, ಜಗತ್ತಿನ ಎಲ್ಲ ಕಡೆ ಹೀಗೇ ಹೇಳುತ್ತಾರೆ.

ಬೆಳಿಗ್ಗೆ ಏಳೂವರೆಗೆ ಹಾಟ್ ಲ್ಯಾಬ್‌ಗೆ, ಅಂದರೆ ಈ ಔಷಧಿ ಸಿದ್ಧಮಾಡುವ ಕೋಣೆಗೆ ಹೋದರೆ ನಿಮಗೆ ಕಾಣುವುದು ಸೀಸದ ಇಟ್ಟಿಗೆಗಳ ಗೋಡೆ, ಅದರ ಹಿಂದೆ ಒಂದು ಸಣ್ಣ ಡ್ರಮ್ಮು. ಅದರೊಳಗೆ ಬೆರಳು ಗಾತ್ರದ ಗಾಜಿನ ಕೊಳವೆ. ಕೊಳವೆಯ ತುಂಬ ಅಲ್ಯುಮಿನಾ ಪುಡಿ. ಮಾಲಿಬ್ಡಿನಮ್ ಆ ಪುಡಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಹುಟ್ಟಿದ ಟೆಕ್ನೀಷಿಯಂಗೆ ಆ ಅಂಟು ಇಲ್ಲ. ಒಂದು ಸೂಜಿಗೆ ಸಲೈನ್ ಬಾಟಲಿ, ಅದೇ ಡ್ರಿಪ್ಪಿಗೆ ಹಾಕುವ ಉಪ್ಪುನೀರು. ಇನ್ನೊಂದು ಸೂಜಿಗೆ ಗಾಳಿ ತೆಗೆದ ಖಾಲಿ ಬಾಟಲಿ, ಸೀಸದ ಕವಚದೊಳಗೆ. ಚುಚ್ಚಿದ ತಕ್ಷಣ ಖಾಲಿ ಬಾಟಲಿ ಸಲೈನನ್ನು ಕೊಳವೆಯ ಮೂಲಕ ಎಳೆದುಕೊಳ್ಳುತ್ತದೆ. ಸೊಯ್ ಎಂದು ಸಣ್ಣ ಸದ್ದು. ಒಂದೆರಡು ನಿಮಿಷ ಅಷ್ಟೇ. ಬಾಟಲಿಯಲ್ಲಿ ಇರುವುದು ನೋಡಲು ಸಾದಾ ನೀರು. ಬಣ್ಣ ಇಲ್ಲ, ವಾಸನೆ ಇಲ್ಲ. ಅದನ್ನು ವಿಕಿರಣ ಅಳೆಯುವ ಡೋಸ್ ಕ್ಯಾಲಿಬ್ರೇಟರ್‌ಗೆ ಇಳಿಸಿದಾಗ ಬರುವ ನಂಬರ್ ನೋಡಿಯೇ ಅವತ್ತು ಎಷ್ಟು ಪೇಷಂಟ್‌ಗಳಿಗೆ ಆಗುತ್ತದೆ ಎಂದು ಹೇಳುತ್ತೇವೆ.

ಒಂದು ಪರೀಕ್ಷೆ ಬಿಡುವಂತಿಲ್ಲ. ಹಾಲಿನ ಜೊತೆ ಹಸುವಿನ ಚೂರು ಬಂದಿದೆಯಾ ನೋಡಬೇಕು. ಅಂದರೆ ಮಾಲಿಬ್ಡಿನಮ್ ಕಿತ್ತು ಬಂದಿದೆಯಾ ಅಂತ. ಅಮೆರಿಕದ ಔಷಧ ಸಂಹಿತೆಯ ಪ್ರಕಾರ ಒಂದು ಮಿಲಿಕ್ಯೂರಿ ಟೆಕ್ನೀಷಿಯಂಗೆ 0.15 ಮೈಕ್ರೋಕ್ಯೂರಿಗಿಂತ ಜಾಸ್ತಿ ಮಾಲಿಬ್ಡಿನಮ್ ಇರಬಾರದು. (ಕ್ಯೂರಿ ಅಂದರೆ ವಿಕಿರಣ ಅಳೆಯುವ ಮಾನ. ಮಿಲಿಕ್ಯೂರಿಯ ಸಾವಿರದಲ್ಲೊಂದು ಪಾಲು ಮೈಕ್ರೋಕ್ಯೂರಿ.) ಆಮೇಲೆ ಆ ನೀರನ್ನು ಎಂಡಿಪಿ ಎಂಬ ಕಿಟ್‌ನ ಬಾಟಲಿಗೆ ಸೇರಿಸಿ ಕಲಕುತ್ತಾರೆ. ಎಂಡಿಪಿ ಮೂಳೆ ಎಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲಿಗೆ ಹೋಗಿ ಕೂರುವ ರಾಸಾಯನಿಕ. ಟೆಕ್ನೀಷಿಯಂ ಅದರ ಬೆನ್ನ ಮೇಲೆ ಕೂತು ಹೋಗಿ, ಎಲ್ಲಿದ್ದೇನೆ ಎಂದು ಗಾಮಾ ಕಿರಣದ ಮೂಲಕ ಹೇಳುತ್ತದೆ. ಕಿಟ್ ಬದಲಾಯಿಸಿದರೆ ಅದೇ ಟೆಕ್ನೀಷಿಯಂ ಕಿಡ್ನಿಗೂ ಹೋಗುತ್ತದೆ, ಹೃದಯಕ್ಕೂ ಹೋಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಮೂರು ನಾಲ್ಕು ಕೋಟಿ ಪರೀಕ್ಷೆಗಳು ಇದೊಂದರಿಂದಲೇ ನಡೆಯುತ್ತವೆ.

ಒಮ್ಮೆ ಕರೆದ ಮೇಲೆ ಕೆಚ್ಚಲು ಮತ್ತೆ ತುಂಬಲು ಒಂದು ದಿನ ಬೇಕು. ಅವಸರವಿದ್ದರೆ ಮಧ್ಯಾಹ್ನ ಇನ್ನೊಮ್ಮೆ ಕರೆಯಬಹುದು, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಆದರೆ ಹಸುವೇ ದಿನದಿನಕ್ಕೆ ಬಡವಾಗುತ್ತಾ ಹೋಗುತ್ತದೆ. ಸೋಮವಾರ ನೂರು ಸಿಕ್ಕಿದರೆ ಮಂಗಳವಾರ 78, ಬುಧವಾರ 60, ಗುರುವಾರ 47, ಶುಕ್ರವಾರ 36. ಮುಂದಿನ ಸೋಮವಾರಕ್ಕೆ 17. ಅಷ್ಟರಲ್ಲಿ ಹೊಸ ಹಸು ಬಂದಿರಲೇಬೇಕು. ಬಾರದಿದ್ದರೆ ಇರುವ ಹದಿನೇಳರಲ್ಲಿ ಎಮರ್ಜೆನ್ಸಿ ಇದ್ದವರಿಗೆ ಕೊಟ್ಟು, ಉಳಿದವರಿಗೆ "ಬಂದಿಲ್ಲ" ಎನ್ನುತ್ತಾರೆ. ನಿಮ್ಮ ತಾಯಿಗೆ ಆಗಿದ್ದು ಬಹುಶಃ ಇದೇ.

ಯಾಕೆ ಬರುವುದಿಲ್ಲ ಎಂದರೆ, ಒಂದು ಕಾರಣವಲ್ಲ. ನನ್ನ ಅನುಭವದ್ದೇ ಒಂದು ಹೇಳುತ್ತೇನೆ. ಒಮ್ಮೆ ನಮ್ಮ ಡಬ್ಬಿ ವಿಮಾನ ಹತ್ತಲೇ ಇಲ್ಲ. ಹಳದಿ ಲೇಬಲ್, ಅದರ ಮೇಲೆ ಮೂರು ದಳದ ವಿಕಿರಣ ಚಿಹ್ನೆ. ಅದನ್ನು ನೋಡಿ ಯಾರೋ ಬೇಡ ಅಂದರಂತೆ. ಕಾಗದಪತ್ರ ಎಲ್ಲ ಸರಿ ಇತ್ತು. ಡಬ್ಬಿ ಗೋದಾಮಿನಲ್ಲಿ ಎರಡು ದಿನ ಕೂತಿತು. ಕೊನೆಗೆ ಬಂದಾಗ ನಲವತ್ತು ಪರ್ಸೆಂಟ್ ಹೋಗಿತ್ತು, ಒಂದು ಹನಿಯೂ ಚೆಲ್ಲದೆ, ಸೀಲ್ ಕೂಡ ಒಡೆಯದೆ. ಬಿಲ್ ಮಾತ್ರ ಪೂರ್ತಿ ಬಂದಿತ್ತು.

ಈ ಕಷ್ಟ ಮಾಡುವವರಿಗೂ ಇದೆ. ಮಾಲಿಬ್ಡಿನಮ್-99 ಗಂಟೆಗೆ ಸುಮಾರು ಒಂದು ಪರ್ಸೆಂಟ್ ಕರಗುತ್ತದೆ. ಅದಕ್ಕೇ ಜಗತ್ತಿನ ಮಾರುಕಟ್ಟೆಯಲ್ಲಿ ಅದನ್ನು ಅಳೆಯುವುದು "ಆರು ದಿನದ ಕ್ಯೂರಿ" ಲೆಕ್ಕದಲ್ಲಿ. ಕಾರ್ಖಾನೆ ಬಿಟ್ಟ ಆರು ದಿನದ ಮೇಲೆ ಎಷ್ಟು ಉಳಿದಿರುತ್ತದೋ ಅಷ್ಟಕ್ಕೇ ದುಡ್ಡು. ಒಂದು ಕ್ಯೂರಿಯ ದುಡ್ಡು ಬೇಕೆಂದರೆ ನಾಲ್ಕೂವರೆ ಕ್ಯೂರಿ ಕಳಿಸಬೇಕು. ತೂಕದ ಸೊಪ್ಪನ್ನು ಬಾಡಿದ ಮೇಲೆ ತೂಗಿ ಮಾರಿದ ಹಾಗೆ.

ಇನ್ನು ತಯಾರಿಕೆ. ಟೆಕ್ನೀಷಿಯಂ ಭೂಮಿಯಲ್ಲಿ ಅಗೆದು ತೆಗೆಯುವಷ್ಟು ಸಿಗುವ ಧಾತು ಅಲ್ಲ. ಅದು ಮೊದಲು ಸಿಕ್ಕಿದ್ದು ಟಪಾಲಿನಲ್ಲಿ ಬಂದ ಗುಜರಿಯಲ್ಲಿ! 1937ರಲ್ಲಿ ಅಮೆರಿಕದ ಬರ್ಕ್‌ಲಿಯಿಂದ ಅರ್ನೆಸ್ಟ್ ಲಾರೆನ್ಸ್ ತಮ್ಮ ಸೈಕ್ಲೋಟ್ರಾನ್‌ನ, ಅಂದರೆ ಕಣಗಳನ್ನು ಅತಿವೇಗವಾಗಿ ಓಡಿಸುವ ಯಂತ್ರದ, ಹಳೆಯ ಮಾಲಿಬ್ಡಿನಮ್ ತಗಡೊಂದನ್ನು ಇಟಲಿಯ ಪಲೆರ್ಮೊದಲ್ಲಿದ್ದ ಎಮಿಲಿಯೊ ಸೆಗ್ರೆಗೆ ಕಳಿಸಿದ್ದರು. ಸೆಗ್ರೆ ಮತ್ತು ಕಾರ್ಲೊ ಪೆರಿಯೆ ಅದರಲ್ಲಿ 43ನೇ ಧಾತುವನ್ನು ಕಂಡರು. ಮನುಷ್ಯ ಕೃತಕವಾಗಿ ಮಾಡಿದ ಮೊದಲ ಧಾತು ಅದು, ಹೆಸರಿನ ಅರ್ಥವೂ ಅದೇ. ಇನ್ನು ಹಸುವಿನ ಉಪಾಯ ಹೊಳೆದದ್ದು 1950ರ ದಶಕದ ಕೊನೆಯಲ್ಲಿ, ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, ವಾಲ್ಟರ್ ಟಕರ್ ಮತ್ತು ಮಾರ್ಗರೆಟ್ ಗ್ರೀನ್ ಅವರಿಗೆ. ಬೇರೊಂದು ಐಸೋಟೋಪ್ ತೆಗೆಯುವಾಗ ಕಲಬೆರಕೆಯಾಗಿ ಟೆಕ್ನೀಷಿಯಂ-99ಎಂ ಕಂಡಿತ್ತು. ಪೇಟೆಂಟ್ ತೆಗೆಯಲು ಹೊರಟರೆ, ಇದಕ್ಕೆ ಅಷ್ಟೇನೂ ಉಪಯೋಗ ಕಾಣುವುದಿಲ್ಲ ಎಂದು ಸರ್ಕಾರದ ಕಡೆಯಿಂದ ಬೇಡವೆಂದರು. ಪೇಟೆಂಟ್ ಆಗದಿದ್ದದ್ದು ಒಳ್ಳೆಯದೇ ಆಯಿತು ಎಂದು ನನಗನ್ನಿಸುತ್ತದೆ.

ಈಗ ಜಗತ್ತಿನ ಬಹುಪಾಲು ಮಾಲಿಬ್ಡಿನಮ್-99 ಬರುವುದು ಯುರೇನಿಯಂ ಒಡೆಯುವುದರಿಂದ. ಯುರೇನಿಯಂ-235ರ ತೆಳು ತಗಡನ್ನು ರಿಯಾಕ್ಟರ್ ಒಳಗೆ ಇಳಿಸಿ ಆರೇಳು ದಿನ ಇಡುತ್ತಾರೆ. ಒಡೆಯುವ ನೂರು ನ್ಯೂಕ್ಲಿಯಸ್‌ಗಳಲ್ಲಿ ಸುಮಾರು ಆರರಿಂದ ಮಾಲಿಬ್ಡಿನಮ್-99 ಸಿಗುತ್ತದೆ. ಜಾಸ್ತಿ ದಿನ ಇಟ್ಟರೆ ಜಾಸ್ತಿ ಸಿಗಬೇಕಲ್ಲ ಅನ್ನಿಸಬಹುದು. ಇಲ್ಲ. ಇದು ತೂತು ಬಿದ್ದ ಕೊಡಕ್ಕೆ ನೀರು ತುಂಬಿಸಿದ ಹಾಗೆ. ಮೇಲಿನಿಂದ ಸುರಿಯುತ್ತಿರುವಾಗಲೇ ಕೆಳಗಿನಿಂದ ಸೋರುತ್ತಿರುತ್ತದೆ. ಆರು ದಿನಕ್ಕೆ ಮುಕ್ಕಾಲು ಕೊಡ ದಾಟುತ್ತದೆ, ಆಮೇಲೆ ಎಷ್ಟು ಸುರಿದರೂ ಮಟ್ಟ ಏರುವುದು ನಿಧಾನ. ಹೊರತೆಗೆದ ತಗಡನ್ನು ದಪ್ಪ ಗೋಡೆಯ ಕೋಣೆಯಲ್ಲಿ, ಯಂತ್ರದ ಕೈಗಳಿಂದ ಕರಗಿಸಿ, ಮಾಲಿಬ್ಡಿನಮ್ ಬೇರ್ಪಡಿಸಿ, ಓಡಬೇಕು.

ಈ ಕೆಲಸ ಮಾಡುವ ರಿಯಾಕ್ಟರ್‌ಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು, ಅವುಗಳಲ್ಲೂ ಹೆಚ್ಚಿನವು ಮುದಿ. ನೆದರ್ಲೆಂಡ್ಸ್‌ನ ಪೆಟನ್‌ನಲ್ಲಿರುವುದೂ ಬೆಲ್ಜಿಯಂನದ್ದೂ 1961ರವು, ದಕ್ಷಿಣ ಆಫ್ರಿಕಾದ್ದು 1965ರದ್ದು. ಕೆನಡಾದ ಚಾಕ್ ರಿವರ್‌ನದ್ದು 1957ರದ್ದಾಗಿತ್ತು. 2009ರ ಮೇನಲ್ಲಿ ಅದರಲ್ಲಿ ಭಾರಜಲ ಸೋರಿ, ಹದಿನೈದು ತಿಂಗಳು ಬಾಗಿಲು ಹಾಕಿತು. ಅದು ಮುಚ್ಚಿರುವಾಗಲೇ 2010ರಲ್ಲಿ ಪೆಟನ್ ಕೂಡ ರಿಪೇರಿಗೆ ನಿಂತಿತು. ಆ ವರ್ಷ ಅಮೆರಿಕ, ಯುರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳೂ ಪೇಷಂಟ್‌ಗಳಿಗೆ ನಿಮಗೆ ಹೇಳಿದ ಮಾತನ್ನೇ ಹೇಳಿದವು. ಚಾಕ್ ರಿವರ್ 2018ರಲ್ಲಿ ಪೂರ್ತಿ ಮುಚ್ಚಿತು.

ನಮ್ಮ ದೇಶದ್ದು ಸ್ವಲ್ಪ ಬೇರೆ ಕಥೆ. ಮುಂಬೈಯ ಟ್ರಾಂಬೆಯಲ್ಲಿ 1985ರಿಂದ ನಡೆಯುತ್ತಿರುವ ಧ್ರುವ ರಿಯಾಕ್ಟರ್ ಇದೆ. ಅಲ್ಲಿ ಯುರೇನಿಯಂ ಒಡೆಯುವ ಬದಲು ಸಾದಾ ಮಾಲಿಬ್ಡಿನಮ್‌ಗೇ ನ್ಯೂಟ್ರಾನ್ ಹೊಡೆಸಿ ಮಾಲಿಬ್ಡಿನಮ್-98ನ್ನು ಮಾಲಿಬ್ಡಿನಮ್-99 ಮಾಡುವ ದಾರಿ ಹಿಡಿದಿದ್ದರು. ಸರಳ, ಕಸ ಕಮ್ಮಿ. ಆದರೆ ಬೇಕಾದ 99 ಬೇಡದ ಮಾಲಿಬ್ಡಿನಮ್ ರಾಶಿಯಲ್ಲಿ ಕೂತಿರುತ್ತದೆ, ಸಣ್ಣ ಅಲ್ಯುಮಿನಾ ಕೊಳವೆಗೆ ಅದು ಹಿಡಿಸುವುದಿಲ್ಲ. ಹಾಗಾಗಿ ನಮ್ಮಲ್ಲಿ ತುಂಬ ಕಾಲ ಬೇರೆ ರೀತಿಯ ಹಾಲು ಕರೆಯುವಿಕೆ ನಡೆದಿತ್ತು. ವಾಶಿಯ ಬ್ರಿಟ್‌ನಿಂದ, ಅಂದರೆ ಅಣುಶಕ್ತಿ ಇಲಾಖೆಯ ಐಸೋಟೋಪ್ ಸಂಸ್ಥೆಯಿಂದ, ಮಾಲಿಬ್ಡಿನಮ್ ದ್ರಾವಣ ಬರುತ್ತಿತ್ತು. ಅದಕ್ಕೆ ಎಂಇಕೆ ಎಂಬ ದ್ರಾವಕ ಸೇರಿಸಿ ಕಲಕಿದರೆ ಟೆಕ್ನೀಷಿಯಂ ಎಂಇಕೆಗೆ ಏರುತ್ತದೆ, ಮಾಲಿಬ್ಡಿನಮ್ ಕೆಳಗೆ ಉಳಿಯುತ್ತದೆ. ಮೇಲಿನ ಪದರ ತೆಗೆದು, ಎಂಇಕೆ ಆವಿ ಮಾಡಿ, ಉಳಿದದ್ದನ್ನು ಸಲೈನ್‌ನಲ್ಲಿ ಕರಗಿಸಬೇಕು. ಮುಕ್ಕಾಲು ಗಂಟೆಯ ಕೆಲಸ. ಉಗುರಿನ ಬಣ್ಣ ತೆಗೆಯುವ ದ್ರವದ ಥರದ ವಾಸನೆ. ಮಧ್ಯಾಹ್ನ ಊಟಕ್ಕೆ ಕೂತರೂ ಮೂಗಿನಿಂದ ಹೋಗುತ್ತಿರಲಿಲ್ಲ. ಆಮದು ಮಾಡಿದ ಮಾಲಿಬ್ಡಿನಮ್ ತುಂಬಿದ ಕೊಳವೆ ಜನರೇಟರ್‌ಗಳು ಬಂದ ಮೇಲೆ ಆ ಸಂಕಟ ತಪ್ಪಿತು. ಆದರೆ ದೂರದ ರಿಯಾಕ್ಟರ್, ವಿಮಾನಗಳ ಹಂಗು ಶುರುವಾಯಿತು.

ಕೈಗಾದ ಪ್ರಶ್ನೆಗೆ ಬರುತ್ತೇನೆ, ಒಳ್ಳೆಯ ಪ್ರಶ್ನೆ. ಅಲ್ಲಿ 220 ಮೆಗಾವಾಟ್‌ನ ನಾಲ್ಕು ರಿಯಾಕ್ಟರ್ ಇವೆ. ನ್ಯೂಟ್ರಾನ್‌ಗೆ ಬರಗಾಲವಿಲ್ಲ. ಆದರೆ ಅವನ್ನು ಕಟ್ಟಿದ್ದು ಕರೆಂಟಿಗೆ. ಸಂಶೋಧನಾ ರಿಯಾಕ್ಟರ್‌ನಲ್ಲಿ ಮಾದರಿಗಳನ್ನು ಇಳಿಸಿ ವಾರಕ್ಕೊಮ್ಮೆ ಎತ್ತಲು ಜಾಗ ಮಾಡಿರುತ್ತಾರೆ. ಕರೆಂಟಿನ ರಿಯಾಕ್ಟರ್‌ಗೆ ಅಂಥದ್ದನ್ನು ಬೇರೆಯಾಗಿ ಜೋಡಿಸಬೇಕು, ಪಕ್ಕದಲ್ಲೇ ಕರಗಿಸಿ ಶುದ್ಧ ಮಾಡುವ ವ್ಯವಸ್ಥೆ ಬೇಕು. ಆಗದ್ದಲ್ಲ. ಕೆನಡಾದಲ್ಲಿ ಬ್ರೂಸ್ ಪವರ್‌ನವರು ಕೈಗಾದ್ದಕ್ಕೆ ದಾಯಾದಿಯಂಥ ಭಾರಜಲ ರಿಯಾಕ್ಟರ್‌ನಲ್ಲಿ 2022ರಿಂದ ಕ್ಯಾನ್ಸರ್ ಚಿಕಿತ್ಸೆಯ ಲುಟೇಷಿಯಂ-177 ತೆಗೆಯುತ್ತಿದ್ದಾರೆ. ನಮ್ಮಲ್ಲೂ ಆಗಲಿ ಎಂಬ ಆಸೆ ನನ್ನದೂ ಹೌದು.

ಬೆಂಗಳೂರಿನಲ್ಲೇ ಸೈಕ್ಲೋಟ್ರಾನ್ ಇದೆಯಲ್ಲ ಎಂದು ಯಾರಾದರೂ ಹೇಳಿದರೆ, ಅದು ಪೆಟ್ ಸ್ಕ್ಯಾನ್‌ನ ಫ್ಲೋರಿನ್-18ಕ್ಕೆ. ಅದರ ಅರ್ಧಾಯು 110 ನಿಮಿಷ. ಕಾರಿನಲ್ಲಿ ಮೂರು ಗಂಟೆ ಹಿಡಿದು ಮೈಸೂರಿಗೆ ಒಯ್ದರೆ ಮೂರನೇ ಒಂದು ಭಾಗ ಉಳಿದಿರುತ್ತದೆ. ಏಳು ಗಂಟೆ ಹಿಡಿದು ಶಿರಾಡಿ ಘಾಟಿ ಇಳಿಸಿ ಮಂಗಳೂರಿಗೆ ಒಯ್ದರೆ ನೂರಕ್ಕೆ ಏಳು. ಥೈರಾಯ್ಡ್‌ಗೆ ಕೊಡುವ ಅಯೋಡಿನ್-131 ಮಾತ್ರ ಎಂಟು ದಿನದ್ದು, ಸ್ವಲ್ಪ ಇಟ್ಟುಕೊಳ್ಳಬಹುದು. ಆದರೆ ಚಿಕಿತ್ಸೆಗೆ ಅದನ್ನು ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರು ಹಲವು ದಿನ ಮಕ್ಕಳಿಂದ ದೂರವೂ ಇರಬೇಕು.

ಈಗ ನಿಮ್ಮ ಮಗುವಿನ ವಿಚಾರ. ಮೇಲೆ ಹೇಳಿದ ಅಷ್ಟೂ ಕಷ್ಟಕ್ಕೆ ಕಾರಣವಾದ ಆ ಆರು ಗಂಟೆಯ ಅರ್ಧಾಯು ಇಲ್ಲಿ ನಿಮ್ಮ ಪರವಾಗಿ ನಿಲ್ಲುತ್ತದೆ.

ಬೋನ್ ಸ್ಕ್ಯಾನ್‌ಗೆ ಸಾಮಾನ್ಯವಾಗಿ 20 ಮಿಲಿಕ್ಯೂರಿ ಕೊಡುತ್ತಾರೆ. ಸೆಕೆಂಡಿಗೆ 74 ಕೋಟಿ ನ್ಯೂಕ್ಲಿಯಸ್‌ಗಳು ಕ್ಷಯಿಸುವಷ್ಟು. ಕೇಳಿದರೆ ಎದೆ ಝಲ್ ಎನ್ನುತ್ತದೆ ಅಲ್ವಾ? ತೂಕದಲ್ಲಿ ಅದು ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು. ನಿಮ್ಮ ತಾಯಿಗೆ ತಗಲುವ ವಿಕಿರಣ ಸುಮಾರು 4 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಜಗತ್ತಿನ ಯಾರಿಗಾದರೂ ಸರಾಸರಿ ವರ್ಷಕ್ಕೆ 2.4 ಹೇಗೂ ತಗಲುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಇಂಜೆಕ್ಷನ್ ಆದರೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹದಿನಾರರಲ್ಲಿ ಒಂದು ಭಾಗ. ಎರಡು ದಿನಕ್ಕೆ 256ರಲ್ಲಿ ಒಂದು. ಇದು ಬರೀ ಕ್ಷಯದ ಲೆಕ್ಕ. ಕೊಟ್ಟದ್ದರಲ್ಲಿ ಅರ್ಧದಷ್ಟು ಮೂತ್ರದಲ್ಲಿ ಹೋಗಿಬಿಡುವುದರಿಂದ ನಿಜವಾಗಿ ಇನ್ನೂ ಕಮ್ಮಿ.

ಓದಿಕೊಂಡವರು ಕೆಲವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಟೆಕ್ನೀಷಿಯಂ-99ಎಂ ಗಾಮಾ ಬಿಟ್ಟ ಮೇಲೆ ಮಾಯವಾಗುವುದಿಲ್ಲ, ಟೆಕ್ನೀಷಿಯಂ-99 ಆಗುತ್ತದೆ, ಅದರ ಅರ್ಧಾಯು 2 ಲಕ್ಷ ವರ್ಷಕ್ಕೂ ಜಾಸ್ತಿ, ಅದು ಮೈಯಲ್ಲಿ ಉಳಿದರೆ ಗತಿ ಏನು ಅಂತ. ಅರ್ಧಾಯು ಉದ್ದ ಎಂದರೆ ಅಪಾಯ ದೊಡ್ಡದು ಎಂದಲ್ಲ, ಉಲ್ಟಾ. ಅಷ್ಟೇ ಕವಡೆಗಳನ್ನು ಆರು ಗಂಟೆಗೊಮ್ಮೆ ಚೆಲ್ಲುವ ಬದಲು ಎರಡು ಲಕ್ಷ ವರ್ಷಕ್ಕೊಮ್ಮೆ ಚೆಲ್ಲಿದ ಹಾಗೆ. ಲೆಕ್ಕ ಹಾಕಿದರೆ 74 ಕೋಟಿ ಇದ್ದದ್ದು ಸೆಕೆಂಡಿಗೆ ಎರಡು ಮೂರಕ್ಕೆ ಇಳಿಯುತ್ತದೆ, ಅದೂ ಒಂದು ಚೂರೂ ಹೊರಹೋಗದಿದ್ದರೆ. ನಮ್ಮೆಲ್ಲರ ಮೈಯಲ್ಲಿ ಊಟದಿಂದ ಬಂದು ಸೇರಿದ ಪೊಟ್ಯಾಸಿಯಂ-40 ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಕ್ಷಯಿಸುತ್ತಲೇ ಇರುತ್ತದೆ. ನಿಮ್ಮದರಲ್ಲೂ, ನನ್ನದರಲ್ಲೂ.

ಹಾಗಾಗಿ ಸ್ಕ್ಯಾನ್ ಆದ ದಿನ ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಗಂಟೆಗಟ್ಟಲೆ ಮಲಗಿಸಿಕೊಳ್ಳುವುದು ಬೇಡ. ಅವತ್ತು ರಾತ್ರಿ ಮಗು ಬೇರೆಯವರ ಪಕ್ಕ ಮಲಗಲಿ. ಮರುದಿನದಿಂದ ಮಾಮೂಲಿ. ಆಸ್ಪತ್ರೆಯವರು ಇದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಹೇಳಿದರೆ ಅವರ ಮಾತೇ ಕೇಳಿ. ಪಾತ್ರೆ, ಬಟ್ಟೆ, ಹಾಸಿಗೆ ಬೇರೆ ಮಾಡುವುದೆಲ್ಲ ಬೇಕಿಲ್ಲ. ಟಾಯ್ಲೆಟ್‌ಗೆ ಎರಡು ಸಲ ನೀರು ಬಿಟ್ಟು, ಕೈ ಚೆನ್ನಾಗಿ ತೊಳೆದರೆ ಸಾಕು.

ಈ ಸಲ ಹೊರಡುವ ಮುನ್ನ ಫೋನ್ ಮಾಡಿ. ರಿಸೆಪ್ಷನ್‌ನಲ್ಲಿ ಕೇಳಬೇಡಿ, ನ್ಯೂಕ್ಲಿಯರ್ ಮೆಡಿಸಿನ್‌ನ ಟೆಕ್ನಾಲಜಿಸ್ಟ್‌ಗೆ ಲೈನ್ ಕೊಡಲು ಹೇಳಿ "ಜನರೇಟರ್ ಬಂದಿದೆಯಾ" ಎಂದೇ ಕೇಳಿ. ಬೋನ್ ಸ್ಕ್ಯಾನ್‌ಗೆ ಉಪವಾಸ ಬೇಕಿಲ್ಲ, ಅಮ್ಮ ತಿಂಡಿ ತಿಂದೇ ಹೋಗಲಿ. ಇಂಜೆಕ್ಷನ್ ಆದ ಮೇಲೆ ಎರಡು ಮೂರು ಗಂಟೆ ಕಾಯಬೇಕಾಗುತ್ತದೆ, ಆಗ ನೀರು ಚೆನ್ನಾಗಿ ಕುಡಿಯಲಿ, ಪದೇ ಪದೇ ಟಾಯ್ಲೆಟ್‌ಗೆ ಹೋಗಿ ಬರಲಿ. ಕತ್ತಿನ ಸರ ತೆಗೆಯಲು ಹೇಳುತ್ತಾರೆ, ದಪ್ಪ ಚಿನ್ನ ಗಾಮಾ ಕಿರಣಕ್ಕೆ ಅಡ್ಡ ಬಂದು ಎದೆಮೂಳೆಯ ಮೇಲೆ ನೆರಳು ಬೀಳುತ್ತದೆ. ತಾಳಿ ತೆಗೆಯಲು ಅವರಿಗೆ ಮನಸ್ಸಿಲ್ಲದಿದ್ದರೆ ಮುಜುಗರ ಬೇಡ, ಹೇಳಿದರೆ ಪಕ್ಕಕ್ಕೆ ಸರಿಸಿ ಇನ್ನೊಂದು ಚಿತ್ರ ತೆಗೆಯುತ್ತಾರೆ. ಮುಖ್ಯವಾಗಿ, ಯಾವ ಕಡೆ ಆಪರೇಷನ್ ಆಗಿದೆ ಎಂದು ಸೂಜಿ ಹಿಡಿದವರಿಗೆ ಮೊದಲೇ ಹೇಳಿ. ಇಂಜೆಕ್ಷನ್ ಇನ್ನೊಂದು ಕೈಗೆ ಕೊಡಬೇಕು.